ಫನ್ ಕಾಲ್‌ನಲ್ಲಿ ಯಾರಿಗೂ ನಗು ಬರಲಿಲ್ಲ

ವಾರವಿಡೀ ವಿಡಿಯೋ ಮೀಟಿಂಗ್ ಮಾಡಿ ಸುಸ್ತಾದವರಿಗೆ ಸುಸ್ತು ಕಳೆಯಲು ನಮ್ಮ ಆಫೀಸಿನಲ್ಲಿ ಒಂದು ಉಪಾಯ ಹುಡುಕಿದ್ದರು. ಶುಕ್ರವಾರ ಸಂಜೆ ಇನ್ನೊಂದು ವಿಡಿಯೋ ಮೀಟಿಂಗ್! ಹೆಸರು ‘ಫನ್ ಕಾಲ್’. ಕ್ಯಾಮೆರಾ ಆನ್ ಇರಬೇಕು, ತಂಬೋಲಾ ಆಡಬೇಕು, ನಗಬೇಕು.

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮನೆ ಶಿವಮೊಗ್ಗ, ತಂಡ ಬೆಂಗಳೂರು, ಕ್ಲೈಂಟ್ ಕ್ಯಾಲಿಫೋರ್ನಿಯಾ. ಅವರ ಬೆಳಗಿನ 8 ಗಂಟೆ ನಮಗೆ ರಾತ್ರಿ ಎಂಟೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಒಂಬತ್ತೂವರೆ. ಹಾಗಾಗಿ ನಮ್ಮನೆ ಊಟದ ಹೊತ್ತು ವರ್ಷಕ್ಕೆ ಎರಡು ಸಲ ಬದಲಾಗುತ್ತದೆ.

ಒಂದು ರಾತ್ರಿ ರಿಲೀಸ್ ಮೀಟಿಂಗ್. ಕ್ಲೈಂಟ್ ಕಡೆಯ ಮ್ಯಾನೇಜರ್ ಒಂದು ಬಗ್ (ಸಾಫ್ಟ್‌ವೇರ್ ದೋಷ) ಹಿಡಿದುಕೊಂಡು ನಮ್ಮನ್ನು ಸರಿಯಾಗಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಆಗ ಯಾರದೋ ಮನೆಯಿಂದ ಅಮ್ಮನ ದನಿ: “ಆಗ್ಲಿಂದ ಸುಮ್ನೆ ಕೂತಿದೀಯಲ್ಲೋ, ಬಂದು ಸ್ವಲ್ಪ ಸೊಪ್ಪು ಬಿಡಿಸಿಕೊಡು!” ಕನ್ನಡ ಬಲ್ಲವರೆಲ್ಲ ತುಟಿ ಕಚ್ಚಿಕೊಂಡರು. ಏನಾಯ್ತು ಅಂತ ಮ್ಯಾನೇಜರ್ ಕೇಳಿದರು, ನಮ್ಮ ಲೀಡ್ ಹೇಳಿದರು. ಆಕೆ ಜೋರಾಗಿ ನಕ್ಕು, ತನ್ನ ಅಮ್ಮನಿಗೂ ಮಗಳ ಕೆಲಸ ಏನಂತ ಗೊತ್ತಿಲ್ಲ ಅಂದರು. ಬಗ್ ಹಾಗೇ ಇತ್ತು. ಮಾತು ಮಾತ್ರ ಮೆತ್ತಗಾಯಿತು.

2021ರಲ್ಲಿ ಟೆಕ್ಸಾಸ್‌ನ ಕೋರ್ಟ್ ವಿಚಾರಣೆಯಲ್ಲಿ ಬೆಕ್ಕಿನ ಮುಖದ ಫಿಲ್ಟರ್ ತೆಗೆಯಲಾಗದೆ ವಕೀಲರೊಬ್ಬರು ‘ನಾನು ಬೆಕ್ಕಲ್ಲ’ ಅಂದದ್ದು ಲೋಕವನ್ನೇ ನಗಿಸಿತ್ತಲ್ವಾ? ಅದನ್ನೂ ಯಾರೂ ಪ್ಲಾನ್ ಮಾಡಿರಲಿಲ್ಲ.

ಪ್ಲಾನ್ ಮಾಡಿದ ಜೋಕು ವಿಡಿಯೋದಲ್ಲಿ ಸಾಯುವುದಕ್ಕೆ ಕಾರಣವಿದೆ. ಎಲ್ಲರೂ ಮ್ಯೂಟ್‌ನಲ್ಲಿರುತ್ತಾರೆ. ಹೇಳಿದವನಿಗೆ ನಗು ಕೇಳಿಸುವುದೇ ಇಲ್ಲ. ನೆಟ್ ನಿಧಾನವಾದರಂತೂ ನಗು ಮುಂದಿನ ಮಾತಿನ ಮೇಲೆ ಬಂದು ಬೀಳುತ್ತದೆ. ಫೋನ್ ಮಾತು ಬರೀ 1.2 ಸೆಕೆಂಡ್ ತಡವಾದರೂ ಆ ಕಡೆಯವರು ಅಷ್ಟೇನೂ ಸ್ನೇಹದವರಲ್ಲ, ಗಮನವಿಲ್ಲದವರು ಅನಿಸುತ್ತದೆ ಅಂತ 2014ರ ಒಂದು ಜರ್ಮನ್ ಅಧ್ಯಯನ ತೋರಿಸಿತ್ತು. ಪಾಪ, ತಪ್ಪು ನೆಟ್‌ದು, ಕೆಟ್ಟ ಹೆಸರು ಮನುಷ್ಯನಿಗೆ.

ವಿಡಿಯೋ ಮೀಟಿಂಗ್ ಸುಸ್ತಿನ ಬಗ್ಗೆಯೂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ 2021ರಲ್ಲಿ ನಾಲ್ಕು ಕಾರಣ ಕೊಟ್ಟಿದ್ದರು. ಎಲ್ಲರೂ ತೀರಾ ಹತ್ತಿರದಿಂದ ದಿಟ್ಟಿಸುವುದು, ತಲೆಯಾಡಿಸುವುದನ್ನೂ ಕಷ್ಟಪಟ್ಟು ಮಾಡಬೇಕಾಗುವುದು, ಕೂತಲ್ಲೇ ಕೂರುವುದು, ಮತ್ತೆ ದಿನವಿಡೀ ತನ್ನ ಮುಖ ತಾನೇ ನೋಡುವುದು. ಈ ಕೊನೆಯದು ನನಗೆ ಪೂರ್ತಿ ಒಪ್ಪಿಗೆ. ಸೆಲೂನಿನಲ್ಲಿ ಕೂಡ ಅರ್ಧ ಗಂಟೆಗಿಂತ ಜಾಸ್ತಿ ಯಾರೂ ತಮ್ಮನ್ನು ನೋಡಿಕೊಳ್ಳುವುದಿಲ್ಲ. ಜೂಮ್ ಕಂಪನಿಯ ಮುಖ್ಯಸ್ಥರೇ ಆ ವರ್ಷ ತಮಗೂ ಮೀಟಿಂಗ್ ಸುಸ್ತು ಇದೆ ಅಂದಿದ್ದರು. ಒಂದೇ ದಿನ ಸಾಲಾಗಿ 19 ಮೀಟಿಂಗ್ ಇತ್ತಂತೆ.

ಕೊನೆಗೆ ಫನ್ ಕಾಲ್ ನಿಂತಿತು. ಅದು ನಿಂತ ಮೇಲೆ ನಮ್ಮ ನಗು ಚಾಟ್‌ಗೆ ಬಂತು. ಮೀಟಿಂಗ್ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಒಂದು ಸಾಲು ಬೀಳುತ್ತದೆ, ಕೆಳಗೆ ಹಹಹಗಳ ಸಾಲು. ಅಲ್ಲಿ ಮ್ಯೂಟ್ ಅಡ್ಡ ಬರುವುದಿಲ್ಲ. ನನ್ನ ಮುಖ ನನಗೆ ಕಾಣದ ಹಾಗೆ ಸೆಟ್ಟಿಂಗ್ ಬದಲಾಯಿಸಿದ್ದೇನೆ. ಇಲ್ಲಿಯವರೆಗೂ ಅದರ ನೆನಪಾಗಿಲ್ಲ.

ಬೆಳಗಿನ ಸ್ಟೇಟಸ್ ಮೀಟಿಂಗ್ ಈಗ ಬರೀ ಆಡಿಯೋ. ಕೆಲವರು ನಡೆಯುತ್ತಾ ಮಾತಾಡುತ್ತಾರೆ. ಒಬ್ಬರು ಚಪಾತಿ ಲಟ್ಟಿಸುತ್ತಾ ಸ್ಟೇಟಸ್ ಕೊಡುತ್ತಾರೆ. ಲಟ್ಟಣಿಗೆ ಸದ್ದು ನಿಂತರೆ ಕೆಲಸ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಅವರು ಹೇಳುವ ಮುಂಚೆಯೇ ನಮಗೆ ಗೊತ್ತಾಗುತ್ತದೆ.