ನೀರು ಯಾರಿಗೆ ಎಷ್ಟು, ನದಿಗೆ ಎಷ್ಟು?

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಹೊರಟರೆ ಒಂದು ಗಂಟೆಯೊಳಗೆ ರಕಾಯಾ ನದಿಯ ಸೇತುವೆ ಸಿಗುತ್ತದೆ. ಜಲ್ಲಿಕಲ್ಲಿನ ಅಗಲವಾದ ಹಾಸಿನ ಮೇಲೆ ನೀರು ಹಲವು ಸೀಳಾಗಿ ಹರಿದು, ಕೂಡಿ, ಮತ್ತೆ ಒಡೆದು ಸಮುದ್ರ ಸೇರುತ್ತದೆ. ಕೊಕ್ಕು ಬಲಕ್ಕೆ ಬಾಗಿದ ಪುಟ್ಟ ಹಕ್ಕಿಯೊಂದು ಈ ಜಲ್ಲಿಯ ನಡುವೆಯೇ ಮೊಟ್ಟೆಯಿಡುತ್ತದೆ (ಯಾವಾಗಲೂ ಬಲಕ್ಕೇ, ಏಕೋ!). 1988ರಲ್ಲಿ ನ್ಯೂಜಿಲೆಂಡ್ ಸರ್ಕಾರ ಈ ನದಿಗಾಗಿ ಜಲ ಸಂರಕ್ಷಣಾ ಆದೇಶ ಹೊರಡಿಸಿತು. ಕಾಪಾಡಬೇಕಾದವುಗಳ ಪಟ್ಟಿಯಲ್ಲಿ ಹಕ್ಕಿ, ಮೀನುಗಳ ಜೊತೆಗೆ ಗಾಳ ಹಾಕುವುದೂ ಜೆಟ್ ದೋಣಿ ಓಡಿಸುವುದೂ ಇವೆ.

ಗೌರಿಬಿದನೂರಿನಲ್ಲಿರುವ ದೊಡ್ಡಪ್ಪನಿಗೆ ಇದನ್ನು ಫೋನಿನಲ್ಲಿ ವಿವರಿಸಿದೆ. "ಹೊಟ್ಟೆ ತುಂಬಿದವರ ಕಾನೂನು ಬಿಡಪ್ಪ" ಎಂದರು.

ಅರ್ಧ ಒಪ್ಪುತ್ತೇನೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಊರಿನವರಿಗೆ ದೋಣಿಯ ಮಾತು ನಗು ತರಿಸಿದರೆ ತಪ್ಪೇನಿಲ್ಲ. ಆದರೆ ವಿದುರಾಶ್ವತ್ಥದಲ್ಲಿ ಉತ್ತರ ಪಿನಾಕಿನಿಯಲ್ಲಿ ಮಿಂದು ಅಶ್ವತ್ಥದ ಬುಡದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಿದ್ದ ನಮ್ಮ ಹಿರಿಯರು ಹೊಳೆಗೆ ಹೋಗುತ್ತಿದ್ದದ್ದು ಬಿಂದಿಗೆ ಹಿಡಿದುಕೊಂಡಲ್ಲ. 2021ರ ನವೆಂಬರ್ ಮಳೆಗೆ ಅದೇ ಪಿನಾಕಿನಿ ಉಕ್ಕಿ ಹರಿದಾಗ ನೋಡಲು ಓಡಿದವರಲ್ಲಿ ದೊಡ್ಡಪ್ಪನೂ ಒಬ್ಬರು. ಆ ನಂಟಿಗೆ ನಮ್ಮ ಯಾವ ಸರ್ಕಾರಿ ಕಾಗದದಲ್ಲಿ ಜಾಗವಿದೆ?

1892ರ ಮೈಸೂರು–ಮದ್ರಾಸು ಒಪ್ಪಂದದಲ್ಲಿ ಪೆನ್ನಾರ್ (ನಮ್ಮ ಉತ್ತರ ಪಿನಾಕಿನಿಯೇ), ಚಿತ್ರಾವತಿ, ಪಾಪಾಗ್ನಿ, ಪಾಲಾರ್ ನದಿಗಳ ಹೆಸರುಗಳೇನೋ ಇವೆ. ಮದ್ರಾಸಿನ ಒಪ್ಪಿಗೆಯಿಲ್ಲದೆ ಅವುಗಳಿಗೆ ಮೈಸೂರು ಹೊಸ ಅಣೆಕಟ್ಟು ಕಟ್ಟಬಾರದೆಂಬ ಕಾರಣಕ್ಕೆ ಮಾತ್ರ. ದಕ್ಷಿಣ ಪಿನಾಕಿನಿಯ ವಿಚಾರದಲ್ಲಿ ತಮಿಳುನಾಡಿನ ಜೊತೆಗಿನ ವ್ಯಾಜ್ಯವೂ ಅದೇ ಜಾಡಿನದು. ನೀರು ಯಾರಿಗೆ ಎಷ್ಟು ಎಂದು ನೂರು ವರ್ಷಕ್ಕೂ ಮಿಕ್ಕಿ ಜಗಳವಾಡಿದ್ದೇವೆ. ನದಿಗೆ ಎಷ್ಟು ಎಂದು ಕೇಳಿದವರನ್ನು ನಾನು ಕಂಡಿಲ್ಲ.

ರಕಾಯಾ ಆದೇಶ ಶುರುವಾಗುವುದೇ ಅಲ್ಲಿಂದ. ಯಾವ ತಿಂಗಳಲ್ಲಿ ನದಿಯಲ್ಲಿ ಕನಿಷ್ಠ ಎಷ್ಟು ಹರಿವು ಉಳಿಯಬೇಕೆಂದು ಅದು ಹೇಳುತ್ತದೆ. ಅದಕ್ಕಿಂತ ಹೆಚ್ಚು ಬಂದ ನೀರಿನಲ್ಲೂ, ಒಂದು ಮಿತಿಯವರೆಗೆ, ಒಂದು ಪಾಲು ತೆಗೆದರೆ ಇನ್ನೊಂದು ಪಾಲನ್ನು ನದಿಗೇ ಬಿಡಬೇಕು. ಹಾಗೆಂದು ಇದನ್ನು ರಾಮರಾಜ್ಯ ಎಂದುಕೊಳ್ಳಬೇಡಿ. ರಕಾಯಾ ಹರಿಯುವ ಕ್ಯಾಂಟರ್ಬರಿ ಬಯಲಿನ ಹೈನು ಹಸುಗಳ ಹುಲ್ಲಿಗೆ ನೀರು ಬೇಕು. ರಕಾಯಾ ಕೊಳ್ಳದ ಕೋಲ್‌ರಿಜ್ ಸರೋವರದ ನೀರನ್ನು ನೀರಾವರಿಗೆ ಬಳಸಲು 2013ರಲ್ಲಿ ಆದೇಶವನ್ನೇ ತಿದ್ದಿದರು. ಗಾಳ ಹಿಡಿದವರ ಗೊಣಗಾಟ ನಿಂತಿಲ್ಲ.

2017ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ವಾಂಗನುಯಿ ನದಿಗೆ ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯ ಸ್ಥಾನ ಸಿಕ್ಕಿದ್ದು ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಅದೇ ತಿಂಗಳು ಉತ್ತರಾಖಂಡ ಹೈಕೋರ್ಟ್ ಗಂಗೆ, ಯಮುನೆಯರಿಗೂ ಆ ಸ್ಥಾನ ಕೊಟ್ಟಿತು. ಜುಲೈ ಹೊತ್ತಿಗೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಬಂತು. ನನಗೆ ಆ ದೊಡ್ಡ ಬಿರುದಿಗಿಂತ ರಕಾಯಾದಂಥ ಸಣ್ಣ ಆದೇಶವೇ ಹೆಚ್ಚು ಹಿಡಿಸುತ್ತದೆ. ಇಂಥ ಆದೇಶಕ್ಕಾಗಿ ಯಾರು ಬೇಕಾದರೂ ಸಚಿವರಿಗೆ ಅರ್ಜಿ ಹಾಕಬಹುದು, ವಿಶೇಷ ನ್ಯಾಯಮಂಡಳಿ ವಿಚಾರಣೆ ನಡೆಸುತ್ತದೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳು ಪವಿತ್ರವೆನ್ನುವ ತೆ ವೈಕೊರೊಪುಪು ಚಿಲುಮೆಗಳಿಗೆ 2023ರಲ್ಲಿ ಆದೇಶ ಸಿಕ್ಕಿತು. ಅರ್ಜಿ ಹಾಕಿದ್ದವರು ಒಂದು ಮಾವೋರಿ ಕುಲದವರು ಮತ್ತು ಅವರೊಡನೆ ಒಬ್ಬ ಸಾಮಾನ್ಯ ನಾಗರಿಕ.

ಇಂಥ ಆದೇಶಗಳಿಗೆ ಆಧಾರವಾದ ನ್ಯೂಜಿಲೆಂಡಿನ 1991ರ ಸಂಪನ್ಮೂಲ ಕಾನೂನಿನಲ್ಲಿ ಇನ್ನೊಂದು ಮಾತಿದೆ, ನಮ್ಮ ಕಡೆಯವರು ಗಮನಿಸಬೇಕಾದದ್ದು. ನೀರು ತನ್ನ ಸಹಜ ಸ್ಥಿತಿಯಲ್ಲಿ ಇಲ್ಲದಿದ್ದರೂ, ಅದರಲ್ಲಿ ಉಳಿದಿರುವ ಮೌಲ್ಯ ಕಾಪಾಡಲು ತಕ್ಕದ್ದಾಗಿದ್ದರೆ ಆದೇಶ ಕೊಡಬಹುದು. "ಹೊಳೆಯೇ ಬತ್ತಿದ ಮೇಲೆ ಇನ್ನೇನು ಕಾಪಾಡುವುದು" ಎಂಬ ನಮ್ಮ ಸಿದ್ಧ ಉತ್ತರ ಅಲ್ಲಿ ನಡೆಯುವುದಿಲ್ಲ.

ಉತ್ತರ ಪಿನಾಕಿನಿಗೆ ಅಂಥದ್ದೊಂದು ಆದೇಶ ಬರೆಯುವುದಾದರೆ ಮೊದಲ ಷರತ್ತು ಮರಳಿನದಾಗಿರಬೇಕು ಎಂಬುದು ನನ್ನ ಹಟ. ಮಳೆಗಾಲದ ನೀರನ್ನು ತಡೆದು ನೆಲಕ್ಕಿಳಿಸುತ್ತಿದ್ದದ್ದು ಆ ಮರಳೇ. ಅದನ್ನು ಬಾಚಿ, ಸಾಲದೆಂದು ದಡದ ಮಣ್ಣನ್ನೂ ತೊಳೆದು ಫಿಲ್ಟರ್ ಮರಳು ಮಾಡಿ ಮಾರಿದ ಮೇಲೆ, ಮಳೆ ಎಷ್ಟು ಬಂದರೂ ಒಂದು ವಾರದಲ್ಲಿ ನೀರು ಆಂಧ್ರಕ್ಕೆ ಹೋಗಿರುತ್ತದೆ.