ಒಂದೇ ನಿಮಿಷ ಅಲ್ವಾ?

ಚಾಚಿದ್ದ ಆ ಎರಡು ಪುಟ್ಟ ಕೈಗಳು ಮಂಗಳವಾರದಿಂದ ನನ್ನ ಕಣ್ಣ ಮುಂದೆಯೇ ಇವೆ.

ಅವತ್ತು 21ನೇ ದಿನ. ನಾವು ನಾಲ್ಕು ಜನ ಸೇರಿ ಕಾವಿಗೆ ಇಟ್ಟ ಕೋಳಿಮೊಟ್ಟೆಗಳು ಅವು. ಇನ್‌ಕ್ಯುಬೇಟರ್ ಇರುವುದು ನನ್ನ ಮನೆಯಲ್ಲಿ. 24 ಇಟ್ಟಿದ್ದೆವು. 7ನೇ ದಿನ ಟಾರ್ಚ್ ಹಿಡಿದು ನೋಡಿದಾಗ ನಾಲ್ಕು ಗೊಡ್ಡು, ಒಂದರಲ್ಲಿ ರಕ್ತದ ಉಂಗುರ, ಅಂದರೆ ಒಳಗಿನ ಜೀವ ಆಗಲೇ ಹೋಗಿತ್ತು. ಆಮೇಲೆ ಇನ್ನೊಂದು ನಡುವೆಯೇ ನಿಂತುಹೋಯಿತು. 18 ಮೊಟ್ಟೆಗಳು ಲಾಕ್‌ಡೌನ್‌ಗೆ ಹೋದವು. ಅಂದರೆ ಕೊನೆಯ ಮೂರು ದಿನ. ಮೊಟ್ಟೆ ಹೊರಳಿಸುವುದಿಲ್ಲ, ತೇವಾಂಶ ಏರಿಸುತ್ತೇವೆ, ಮುಚ್ಚಳ ಮುಟ್ಟುವುದಿಲ್ಲ.

ಸೋಮವಾರ ರಾತ್ರಿಯೇ ಒಳಗಿಂದ ಚಿಂವ್ ಚಿಂವ್ ಶುರುವಾಗಿತ್ತು. 11ನೇ ನಂಬರಿನ ಮೊಟ್ಟೆಯಲ್ಲಿ ನಾನು ಬರೆದ ಅಂಕಿಯ ಪಕ್ಕದಲ್ಲೇ ಒಂದು ಸಣ್ಣ ಬಿರುಕು. ಎಲ್ಲಕ್ಕಿಂತ ಮೊದಲು ಒಡೆದದ್ದು ಅದೇ. ಬೆಳಗ್ಗೆ ಎದ್ದು ನೋಡಿದರೆ ಬೇರೆ ಏಳು ಮರಿಗಳು ಹೊರಗೆ ಬಂದಿವೆ, 11 ಮಾತ್ರ ಅದೇ ಬಿರುಕಿನಲ್ಲಿ ನಿಂತಿದೆ. ಬಿರುಕು ಬಿಟ್ಟ ಮೇಲೆ ಒಂದು ಹಗಲು ಒಂದು ರಾತ್ರಿ ಕಾಯುವುದು ಮಾಮೂಲು. ಆ ಹೊತ್ತಿನಲ್ಲಿ ಮರಿ ಸುಮ್ನೆ ಇರುವುದಿಲ್ಲ. ಪೊರೆಯ ನರಗಳಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ತನ್ನ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಅವಸರಪಟ್ಟು ಓಡು ಬಿಡಿಸಿದರೆ ರಕ್ತ ಸುರಿಯುತ್ತದೆ. ಅದಕ್ಕೇ ಕಾದೆ.

ಮಧ್ಯಾಹ್ನ ಅವರು ಬಂದರು, ಮಗಳನ್ನು ಕರೆದುಕೊಂಡು. ನಮ್ಮ ನಾಲ್ವರಲ್ಲಿ ಅವರೇ ಹೊಸಬರು. ಒಳ್ಳೆಯ ಮನುಷ್ಯ. ಮೊಟ್ಟೆ ಇಟ್ಟ ದಿನದಿಂದ ಒಂದು ದಿನವೂ ತಪ್ಪದೆ ಫೋನ್ ಮಾಡಿ ಉಷ್ಣಾಂಶ ಎಷ್ಟಿದೆ ಎಂದು ಕೇಳಿದವರು. ಆದರೆ ಕೈ ಕಟ್ಟಿಕೊಂಡು ನಿಲ್ಲುವುದು ಅವರಿಗೆ ಆಗುವುದಿಲ್ಲ. ಮೊದಲಿಂದಲೂ ನನಗೆ ಅವರ ಈ ಗುಣ ಹಿಡಿಸುತ್ತಿರಲಿಲ್ಲ, ಹೇಳಿಕೊಂಡಿರಲಿಲ್ಲ ಅಷ್ಟೇ. ನಾನು ಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನ ಬಲ್ಬ್ ಸರಿಮಾಡಲು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ಮುಚ್ಚಳ ತೆಗೆದಿದ್ದರು. ಮೈ ಒಣಗಿದ ಒಂದು ಹಳದಿ ಮರಿ ಅವರ ಕೈಯಲ್ಲಿತ್ತು. ಮಗಳು ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದ್ದಳು. ತೇವಾಂಶದ ಮೀಟರು 68ರಿಂದ 41ಕ್ಕೆ ಇಳಿದಿತ್ತು.

ಓಡಿ ಹೋಗಿ ಮುಚ್ಚಳ ಹಾಕಿದೆ. ಅವರು ನಗುತ್ತಲೇ ಹೇಳಿದರು, "ಒಂದೇ ನಿಮಿಷ ಅಲ್ವಾ?"

ನಾನು ಹೇಳಿದೆ, "ಒಂದು ನಿಮಿಷದಲ್ಲಿ ಒಂದು ಜೀವ ಹೋಗುತ್ತೆ. ಗೊತ್ತಾ ನಿಮಗೆ?"

ಆ ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ. ಅವರು ಏನೂ ಹೇಳಲಿಲ್ಲ. ಮರಿಯನ್ನು ಬ್ರೂಡರ್‌ಗೆ ಬಿಟ್ಟು, ಚಪ್ಪಲಿ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟುಬಿಟ್ಟರು.

ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೊದಲ ವಾರಗಳಲ್ಲಾದರೆ ಮುಚ್ಚಳ ತೆಗೆಯುವುದು ದೊಡ್ಡ ವಿಷಯವಲ್ಲ. ಕಾವು ಕೂತ ಕೋಳಿಯೂ ದಿನಕ್ಕೊಮ್ಮೆ ಎದ್ದು ಹೋಗಿ ಮೇವು ತಿಂದು, ನೀರು ಕುಡಿದು ಬರುತ್ತದೆ. ಅಷ್ಟು ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಆದರೆ ಬಿರುಕು ಬಿಟ್ಟ ಮೊಟ್ಟೆಯ ಕತೆ ಬೇರೆ. ಒಣ ಗಾಳಿ ನುಗ್ಗಿದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಮರಿ ತಿರುಗಬೇಕು. ಸುತ್ತ ತಿರುಗುತ್ತಾ ಕೊಕ್ಕಿನ ತುದಿಯ ಆ ಗಟ್ಟಿ ಮೊನೆಯಿಂದ ಓಡು ಕೊರೆಯಬೇಕು. ಪೊರೆ ಬಿಗಿದರೆ ತಿರುಗುವುದೆಲ್ಲಿ?

ರಾತ್ರಿ 11ನೆಯದರ ದನಿ ಕ್ಷೀಣವಾಯಿತು. ಬುಧವಾರ ಬೆಳಗ್ಗೆ ಪಕ್ಕದಲ್ಲಿ ಬೆರಳಿಂದ ತಟ್ಟಿದೆ, ಉತ್ತರ ಬರಲಿಲ್ಲ. ಉಳಿದವು ಒಂದೊಂದಾಗಿ ಬಂದವು. ಒಟ್ಟು 15. ಇನ್ನೆರಡು ಬಿರುಕೇ ಬಿಡಲಿಲ್ಲ. ಯಾಕೋ ಆ ಎರಡರ ಬಗ್ಗೆ ನನಗೆ ಅಷ್ಟು ಬೇಸರವಾಗಲಿಲ್ಲ. 11ನೆಯದು ಒಂದು ರಾತ್ರಿಯಿಡೀ ನನ್ನ ಜೊತೆ ಮಾತಾಡಿತ್ತು. ಅದನ್ನು ಕೊಂದವರು ಯಾರು ಅಂತ ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು.

ಗುರುವಾರ ಅಕ್ಕ ಬಂದರು. ನಮಗೆಲ್ಲ ಈ ಕೆಲಸ ಕಲಿಸಿದವರು ಅವರೇ. ಮರಿ ಬರದ ಮೊಟ್ಟೆಯನ್ನು ಒಡೆದು ನೋಡದೆ ಎಸೆಯಲು ಬಿಡುವವರಲ್ಲ. ಅದು ಎಷ್ಟು ಕಷ್ಟವಾದರೂ ಸರಿ. ನಾನು ಮುಚ್ಚಳದ ಕತೆಯನ್ನೆಲ್ಲ ಹೇಳಿದೆ, ಸ್ವಲ್ಪ ಜಾಸ್ತಿಯೇ ಹೇಳಿದೆ. ಅವರು ಹೂಂ ಎಂದು ಕೇಳಿಸಿಕೊಂಡು 11ನೇ ಮೊಟ್ಟೆ ಕೈಗೆತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು.

"ಅಂಕಿ ಯಾವ ತುದಿಗೆ ಬರೀತೀಯ ನೀನು?"

"ಮೊಂಡು ತುದಿಗೆ ಅಕ್ಕ. ಯಾವಾಗಲೂ."

ಅವರು ಅಂಕಿ ಇಲ್ಲದ ತುದಿಯಲ್ಲಿ ಓಡು ಬಿಡಿಸಿದರು. ಒಳಗೆ ಖಾಲಿ. ಗಾಳಿಯ ಗೂಡು ಅಲ್ಲಿತ್ತು.

ಗಾಳಿಯ ಗೂಡು ಇರುವುದು ಮೊಂಡು ತುದಿಯಲ್ಲಿ. ಮರಿ ಮೊದಲು ಕೊಕ್ಕು ಚುಚ್ಚುವುದು ಆ ಗೂಡಿಗೆ. ಮೊದಲ ಉಸಿರು ಎಳೆಯುವುದೂ ಅಲ್ಲೇ, ಓಡು ಒಡೆಯುವ ಕೆಲಸ ಆಮೇಲಿನದು. ಅದಕ್ಕೇ ಟ್ರೇಯಲ್ಲಿ ಮೊಂಡು ತುದಿ ಮೇಲೆ ಬರುವ ಹಾಗೆ ನಿಲ್ಲಿಸುತ್ತೇವೆ. ಈ ಮೊಟ್ಟೆ ದುಂಡಗೆ ಇತ್ತು, ಎರಡೂ ತುದಿ ಹೆಚ್ಚುಕಮ್ಮಿ ಒಂದೇ ಥರ. ಅಂಥದ್ದನ್ನು ಟಾರ್ಚ್ ಹಿಡಿದು ಗೂಡು ನೋಡಿಯೇ ಗುರುತು ಹಾಕಬೇಕು. ನಾನು ಕಣ್ಣಳತೆಯಲ್ಲಿ ಬರೆದಿದ್ದೆ. 18 ದಿನ ಅದು ತಲೆಕೆಳಗಾಗಿ ನಿಂತಿತ್ತು. ಮರಿಯ ತಲೆ ಚೂಪು ತುದಿಗೆ ಬಂದಿತ್ತು, ಕಾಲುಗಳು ಗಾಳಿಯ ಕಡೆಗೆ. ಬಿರುಕು ನನ್ನ ಅಂಕಿಯ ಪಕ್ಕದಲ್ಲೇ ಇದ್ದದ್ದರಿಂದ ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ.

"ಪೊರೆ ಮುಟ್ಟಿ ನೋಡು" ಎಂದರು ಅಕ್ಕ.

ಮುಟ್ಟಿದೆ. ಮೆತ್ತಗೆ, ಒದ್ದೆಯಾಗಿತ್ತು. ಎಲ್ಲೂ ಅಂಟಿಕೊಂಡಿರಲಿಲ್ಲ.

"18ನೇ ದಿನ ಟಾರ್ಚ್ ಹಿಡಿದಾಗ ಗೂಡು ಕಾಣಲಿಲ್ವಾ?"

ನಾನು ಹಿಡಿದಿರಲಿಲ್ಲ. 7ನೇ ದಿನ ಅದರಲ್ಲಿ ನರಗಳು ಕಂಡಾಗ ಖುಷಿಯಾಗಿ ಕೆಳಗಿಟ್ಟಿದ್ದೆ. 18ನೇ ದಿನ ಅನುಮಾನ ಇದ್ದ ನಾಲ್ಕೈದು ಮೊಟ್ಟೆಗಳನ್ನು ಮಾತ್ರ ನೋಡಿದ್ದೆ. ಇದು ಕಡುಕಂದು ಓಡಿನದು, ಬೆಳಕು ಸರಿಯಾಗಿ ಹಾಯುವುದಿಲ್ಲ ಎಂದು ಬಿಟ್ಟಿದ್ದೆ. ಅದನ್ನು ಹೇಳಿದೆ.

"ತಲೆಕೆಳಗೆ ಇಟ್ಟದ್ದೆಲ್ಲ ಸಾಯಲ್ಲ" ಎಂದರು ಅಕ್ಕ. "ಸರಿಯಾಗಿ ಇಟ್ಟದ್ದೂ ಒಮ್ಮೊಮ್ಮೆ ಹೀಗೆ ತಿರುಗಿಕೊಳ್ಳುತ್ತೆ. ಇದಕ್ಕೆ ಇದೇ ಕಾರಣ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ. ಆದರೆ ಮುಚ್ಚಳ ತೆಗೆದದ್ದು ಕಾರಣ ಅಲ್ಲ. ಅದನ್ನ ಆಣೆ ಮಾಡಿ ಹೇಳ್ತೀನಿ."

ಆಮೇಲೆ ಕೈ ತೊಳೆದುಕೊಂಡು ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಿನಿಂದ ಯೋಚಿಸುತ್ತಿದ್ದೇನೆ. ಮುಚ್ಚಳ ತೆಗೆದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಅದು ಎಲ್ಲರ ಕಣ್ಣಿಗೆ ಬಿದ್ದ ತಪ್ಪು. ನನ್ನದು ಮೂರು ವಾರ ಹಿಂದೆ, ಒಬ್ಬಳೇ ಕೂತು ಪೆನ್ಸಿಲ್ ಹಿಡಿದಾಗ ಆದದ್ದು. ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಎಷ್ಟೋ ಜಗಳಗಳಲ್ಲಿ ನಾನು ಹೀಗೇ ಮಾಡಿರಬೇಕು. ನಮ್ಮಮ್ಮನ ಕೊನೆಯ ದಿನಗಳಲ್ಲಿ ತಮ್ಮನಿಗೆ ಹೇಳಿದ ಮಾತು ನಿನ್ನೆ ರಾತ್ರಿ ನೆನಪಾಯಿತು. ಆಸ್ಪತ್ರೆಗೆ ಅವನು ಒಂದು ದಿನ ತಡವಾಗಿ ಕರೆದುಕೊಂಡು ಹೋದ ಎಂದಿದ್ದೆ. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಅಮ್ಮ ಫೋನಿನಲ್ಲಿ "ಸುಸ್ತು ಕಣೆ" ಅಂತ ಎಷ್ಟು ಸಲ ಹೇಳಿದ್ದರು? ನಾನು ಕೇಳಿಸಿಕೊಂಡು ಬೇರೆ ಮಾತಿಗೆ ಹೋಗಿದ್ದೆ. ತಮ್ಮನ ಬಳಿ ಇದನ್ನು ಇನ್ನೂ ಮಾತಾಡಿಲ್ಲ.

ಇವತ್ತು ಬೆಳಗ್ಗೆ ಆ ಹುಡುಗಿಯ ಅಪ್ಪನಿಗೆ ಫೋನ್ ಮಾಡಿದೆ. ಅಂಕಿ, ಗೂಡು, ಪೊರೆ, ಎಲ್ಲ ಹೇಳಿದೆ. ಮಗುವಿನ ಮುಂದೆ ಹಾಗೆ ಮಾತಾಡಬಾರದಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ದಿನದಿಂದ ನಾನೇ ಕೊಂದೆ ಅಂದ್ಕೊಂಡಿದ್ದೆ" ಎಂದರು. ಸಂಜೆ ಇಬ್ಬರೂ ಬಂದರು.

ಬ್ರೂಡರ್‌ನಲ್ಲಿ 15 ಮರಿಗಳೂ ಬಲ್ಬಿನ ಕೆಳಗೆ ಮಲಗಿದ್ದವು. ಒಂದನ್ನು ಎತ್ತಿ ಅವಳ ಮುಂದೆ ಹಿಡಿದೆ. "ತಗೋ ಪುಟ್ಟ, ಏನೂ ಆಗಲ್ಲ."

"ಬೇಡ ಆಂಟಿ, ನೋಡ್ತೀನಿ ಸಾಕು" ಎಂದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಹಾಗೇ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಅವರಪ್ಪ ಹೊರಡೋಣ ಎಂದು ಕರೆದಾಗಲೂ ಏಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಆವತ್ತು ಅಪ್ಪ ಎತ್ತಿದ ಮರಿ ಇದರಲ್ಲಿ ಯಾವುದು? ಅದು ಚೆನ್ನಾಗಿದೆಯಾ?"

ನಾವಿಬ್ಬರೂ ಸೇರಿ ಹುಡುಕಿದೆವು. ಹಳದಿ ಮರಿಗಳೇ ಆರು ಇದ್ದವು.