ಗೋಡೆ ಗಟ್ಟಿ ಅದ, ಗೇಟು?

ಹಿಡಕಲ್ ಡ್ಯಾಮ್ ತುಂಬುತ್ತ ಬಂತೆಂಬ ಸುದ್ದಿ ಹರಡಿದರೆ ಸಾಕು, ಗೋಕಾಕದಿಂದ ಮುಧೋಳದವರೆಗೆ ಹೊಳೆಸಾಲಿನ ಊರುಗಳಲ್ಲಿ ಒಂದೇ ಮಾತು: ‘ಡ್ಯಾಮ್ ಗಟ್ಟಿ ಅದ ಏನ್ರಿ?’ ನವಿಲುತೀರ್ಥದ ಕೆಳಗೆ ಮುನವಳ್ಳಿ, ರಾಮದುರ್ಗದಲ್ಲೂ ಅದೇ ಮಾತು. ಕೇಳಬೇಕಾದ ಪ್ರಶ್ನೆಯೇ ಹೌದು, ಆದರೆ ಕೇಳುವವರ ಕಣ್ಣು ಗೋಡೆಯ ಮೇಲಿರುತ್ತದೆ. ನವಿಲುತೀರ್ಥದ ಮಲಪ್ರಭೆಯ ಅಣೆಕಟ್ಟು ಮುಗಿದದ್ದು 1972ರಲ್ಲಿ, ಅದರ ಸಂಗ್ರಹ 37.73 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಘಟಪ್ರಭೆಯ ರಾಜಾ ಲಖಮಗೌಡ ಅಣೆಕಟ್ಟು, ಅಂದರೆ ನಮ್ಮ ಹಿಡಕಲ್, 1977ರದು, 51 ಟಿಎಂಸಿ. ಕಲ್ಲಿನ ಗೋಡೆಗೆ ಐವತ್ತು ವರ್ಷ ದೊಡ್ಡ ವಯಸ್ಸೇನಲ್ಲ. 19ನೇ ಶತಮಾನದ ಕೊನೆಗೆ ಕಟ್ಟಿದ ಧೂಪದಾಳದ ಒಡ್ಡು ಇವತ್ತಿಗೂ ನೀರು ತಡೆದು ಕಾಲುವೆಗೆ ತಿರುಗಿಸುತ್ತಿದೆ. ಅಣೆಕಟ್ಟಿನಲ್ಲಿ ಮೊದಲು ಮುಪ್ಪು ಬರುವುದು ಗೇಟಿನ ಕಬ್ಬಿಣಕ್ಕೆ. ಆಮೇಲೆ ಗೋಡೆಯ ಹೊಟ್ಟೆಯಲ್ಲಿ ನೀರು ಬಸಿದು ಹೋಗಲು ಕೊರೆದ ಬಸಿಗಂಡಿಗಳಿಗೆ, ಮಣ್ಣಿನ ಏರಿಗೆ.

ತುಂಗಭದ್ರೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಇಡೀ ಗೇಟು ಕೊಚ್ಚಿಹೋಯಿತು. ಗೋಡೆಗೆ ಏನೂ ಆಗಲಿಲ್ಲ. ಒಂದು ಕೊಂಡಿ ಸೋತಿತು, ಅಷ್ಟೆ. ಒತ್ತಡ ಇಳಿಸಲು ಉಳಿದ 32 ಗೇಟುಗಳನ್ನೂ ಎತ್ತಿ ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಡಬೇಕಾಯಿತು. ಕೊಚ್ಚಿಹೋದ ಜಾಗಕ್ಕೆ ಇಳಿಬಿಡುವ ಉಕ್ಕಿನ ಹಲಗೆಗಳು, ಅಂದರೆ ಸ್ಟಾಪ್‌ಲಾಗ್, ಅಲ್ಲಿ ಸಿದ್ಧವಿರಲಿಲ್ಲ. ತರಾತುರಿಯಲ್ಲಿ ಮಾಡಿಸಿ ತಂದು, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಐದು ತುಂಡು ಇಳಿಸಿ ಮುಗಿಸುವಷ್ಟರಲ್ಲಿ ಒಂದು ವಾರ. ಅದಕ್ಕೇ ಯಾವ ಅಣೆಕಟ್ಟಿನ ಬಗ್ಗೆಯಾದರೂ ಕೇಳಬೇಕಾದ ಮೊದಲ ಮಾತು: ಸ್ಟಾಪ್‌ಲಾಗ್ ಇದೆಯೇ, ಅದನ್ನು ಇಳಿಸುವ ಗ್ಯಾಂಟ್ರಿ ಕ್ರೇನ್ ಓಡುತ್ತದೆಯೇ, ಪಿಲ್ಲರಿನಲ್ಲಿ ಅದು ಕೂರುವ ಸೀಳು ಸ್ವಚ್ಛವಿದೆಯೇ? ಇದ್ದೂ ತುಕ್ಕು ಹಿಡಿದು ಸೀಳಿನೊಳಗೆ ಇಳಿಯದ ಸ್ಟಾಪ್‌ಲಾಗ್ ಇಲ್ಲದ್ದಕ್ಕೆ ಸಮ.

ಆಲಮಟ್ಟಿಯಲ್ಲಿ 26 ರೇಡಿಯಲ್ ಗೇಟುಗಳಿವೆ. ರೇಡಿಯಲ್ ಗೇಟೆಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಹಾಳೆ, ಅದರ ಹಿಂದೆ ಎರಡು ತೋಳು, ತೋಳುಗಳ ತುದಿಗೆ ಪಿಲ್ಲರಿನಲ್ಲಿ ಕೂತ ಟ್ರನಿಯನ್ ಪಿನ್, ಅಂದರೆ ಗೇಟು ತಿರುಗುವ ಕೀಲು. ಅದರ ಮೇಲೆ ಬೀಳುವ ಭಾರದ ಅಂದಾಜು ಬೇಕಾದರೆ ಒಂದು ಲೆಕ್ಕ ಹಾಕಿ ನೋಡಿ. 15 ಮೀಟರ್ ಅಗಲದ ಗೇಟಿನ ಹಿಂದೆ 10 ಮೀಟರ್ ನೀರು ನಿಂತರೆ ಒತ್ತಡ ಸುಮಾರು 750 ಟನ್. ಅದಷ್ಟೂ ಎರಡು ಪಿನ್‌ಗಳ ಮೇಲೆ, ಒಂದೊಂದರ ಮೇಲೆ 375 ಟನ್. ಗೇಟು ಏಳುವಾಗ ಈ ಭಾರದಲ್ಲೇ ಪಿನ್ ತಿರುಗಬೇಕು. ಗ್ರೀಸ್ ಒಣಗಿ ತುಕ್ಕು ಕೂತರೆ ತಿಕ್ಕಾಟ ಹೆಚ್ಚುತ್ತದೆ, ಆ ಹೆಚ್ಚಿನ ಬಾಗುವ ಬಲ ತೋಳಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಫೋಲ್ಸಮ್ ಅಣೆಕಟ್ಟಿನಲ್ಲಿ 1995ರ ಜುಲೈಯಲ್ಲಿ ಒಂದು ಗೇಟು ಮುರಿದದ್ದು ಹೀಗೆಯೇ. ಎತ್ತುತ್ತಿರುವಾಗಲೇ ತೋಳನ್ನು ಬಿಗಿದಿಟ್ಟ ಪಟ್ಟಿ, ಅಂದರೆ ಬ್ರೇಸ್, ಕಿತ್ತು ಬಂತು. ವರ್ಷಗಟ್ಟಲೆ ಸರಿಯಾಗಿ ಏಳುತ್ತಿದ್ದ ಗೇಟದು. ‘ಹೋದ ವರ್ಷ ಎದ್ದಿತ್ತಲ್ಲ’ ಎಂಬ ಸಮಾಧಾನವನ್ನು ಗೇಟಿನ ವಿಷಯದಲ್ಲಿ ನಂಬಬಾರದು.

ಗೇಟಿನ ತಪಾಸಣೆ ಮೇ ತಿಂಗಳಲ್ಲೇ ಮುಗಿಯಬೇಕು, ನೀರು ಕ್ರಸ್ಟ್ ಮಟ್ಟಕ್ಕಿಂತ, ಅಂದರೆ ಗೇಟು ಕೂರುವ ಹೊಸ್ತಿಲಿಗಿಂತ, ಕೆಳಗಿರುವಾಗ. ಪ್ರತಿಯೊಂದು ಗೇಟನ್ನೂ ಪೂರ್ತಿ ಎತ್ತಿ ಪೂರ್ತಿ ಇಳಿಸಬೇಕು. ಒಂದಡಿ ಎತ್ತಿ ಬಿಟ್ಟರೆ ಅದು ಪರೀಕ್ಷೆಯಲ್ಲ. ಮೊದಲು ಲೈನಿನ ಕರೆಂಟಿನಲ್ಲಿ, ಆಮೇಲೆ ಜನರೇಟರಿನಲ್ಲಿ, ಕೊನೆಗೆ ಕೈಯಿಂದ ಹ್ಯಾಂಡಲ್ ತಿರುಗಿಸಿ. ಪ್ರತಿ ಸಲ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಬೇಕು. ಹೋದ ವರ್ಷಕ್ಕಿಂತ ಹೆಚ್ಚು ಹೊತ್ತು ಹಿಡಿದರೆ, ಇಲ್ಲವೇ ಮೋಟರು ಹೆಚ್ಚು ಆಂಪಿಯರ್ ಎಳೆದರೆ, ಎಲ್ಲೋ ಬಿಗಿಯಾಗಿದೆ ಎಂದೇ ಅರ್ಥ. ಎಡಬಲದ ವೈರ್ ರೋಪುಗಳ ಬಿಗಿತ ಸಮವಿರಬೇಕು. ಒಂದು ಸಡಿಲವಾದರೆ ಗೇಟು ವಾರೆಯಾಗಿ ಪಿಲ್ಲರಿಗೆ ಕಚ್ಚಿ ನಿಲ್ಲುತ್ತದೆ. ರೋಪಿನಲ್ಲಿ ಮುರಿದ ಎಳೆಗಳನ್ನು ಬಟ್ಟೆಯಿಂದ ಸವರಿ ಎಣಿಸುತ್ತಾರೆ. ಹೆಚ್ಚಾಗಿ ಹಾಳಾಗುವುದು ಗೇಟಿಗೆ ಕಟ್ಟಿದ ಕೆಳತುದಿ, ಏಕೆಂದರೆ ಅದು ಸದಾ ತೇವದಲ್ಲಿರುತ್ತದೆ. ಬ್ರೇಕ್ ಲೈನರ್, ಲಿಮಿಟ್ ಸ್ವಿಚ್, ಗೇರ್‌ಬಾಕ್ಸಿನ ಎಣ್ಣೆ, ಜನರೇಟರಿನ ಬ್ಯಾಟರಿ, ಟ್ಯಾಂಕಿನಲ್ಲಿ ಡೀಸೆಲ್: ಇವೆಲ್ಲ ಸಣ್ಣ ಖರ್ಚಿನ ವಸ್ತುಗಳು. 2021ರ ನವೆಂಬರ್ 19ರಂದು ಆಂಧ್ರದ ಅನ್ನಮಯ್ಯ ಅಣೆಕಟ್ಟು ಒಡೆದಾಗ ಐದು ಗೇಟುಗಳಲ್ಲಿ ಒಂದು ಎತ್ತಲು ಬರುವ ಸ್ಥಿತಿಯಲ್ಲೇ ಇರಲಿಲ್ಲ. ಪ್ರವಾಹ ಮಣ್ಣಿನ ಏರಿಯ ಮೇಲೆ ಹತ್ತಿ ಅದನ್ನು ಕೊರೆದುಕೊಂಡು ಹೋಯಿತು.

ಇನ್ನು ಗೋಡೆಯ ಹೊಟ್ಟೆ. ಕಲ್ಲುಗಾರೆಯ ದೊಡ್ಡ ಅಣೆಕಟ್ಟಿನ ಬುಡದಲ್ಲಿ ಮನುಷ್ಯ ಓಡಾಡುವಷ್ಟು ಎತ್ತರದ ಗ್ಯಾಲರಿ ಇರುತ್ತದೆ. ಅಡಿಪಾಯದ ಬಂಡೆಗೆ ಕೊರೆದ ಬಸಿಗಂಡಿಗಳು ಅಲ್ಲಿಗೆ ಬಂದು ಸೇರುತ್ತವೆ. ಜಲಾಶಯದ ನೀರು ಬಂಡೆಯ ಬಿರುಕುಗಳಲ್ಲಿ ನುಸುಳಿ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. 40 ಮೀಟರ್ ನೀರಿದ್ದರೆ ನೀರಿನ ಕಡೆಯ ಮುಖದ ಬುಡದಲ್ಲಿ ಪ್ರತಿ ಚದರ ಮೀಟರಿಗೆ 40 ಟನ್. ಬಸಿಗಂಡಿ ಆ ನೀರನ್ನು ಹೊರಬಿಟ್ಟು ಒತ್ತಡವನ್ನು ತನ್ನ ಸಾಲಿನಲ್ಲಿ ಸುಮಾರು ಮೂರನೇ ಒಂದಕ್ಕೆ ಇಳಿಸುತ್ತದೆ ಎಂದು ಹಿಡಿದೇ ಗೋಡೆಯ ತೂಕವನ್ನು ಲೆಕ್ಕ ಹಾಕಿರುತ್ತಾರೆ. ಗಾರೆಯ ಸುಣ್ಣ ಕರಗಿ ಬಂದು ಗಂಡಿಯ ಬಾಯಲ್ಲಿ ಬಿಳಿ ಗಡ್ಡೆಯಾಗಿ ಕೂತರೆ ಗ್ಯಾಲರಿ ಒಣಗಿ ಕಾಣುತ್ತದೆ. ನೋಡಿದವರು ‘ಸೋರಿಕೆ ಕಡಿಮೆ ಆಯ್ತು’ ಎಂದು ಖುಷಿಪಡುತ್ತಾರೆ. ನಿಜದಲ್ಲಿ ಒತ್ತಡ ಒಳಗೇ ಕೂತಿದೆ, ಗೋಡೆಯನ್ನು ಎತ್ತುತ್ತಿದೆ. ಇಂಥ ಗಂಡಿಗಳನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಕೊರೆದು ತೆರೆಯಲೇಬೇಕು. ಹೊರಗಿನಿಂದ ಸಿಮೆಂಟ್ ಬಳಿದು ಸೋರಿಕೆ ಮುಚ್ಚುವುದು ಇನ್ನೂ ಕೆಟ್ಟದ್ದು: ಮುಚ್ಚಬೇಕಾದದ್ದು ನೀರಿನ ಕಡೆಯ ಮುಖವನ್ನು, ಕೆಳಗಿನ ಮುಖವನ್ನಲ್ಲ.

ಸೋರುವ ನೀರನ್ನು ಅಳೆಯಲು ವಿ-ನಾಚ್ ಎಂಬ ತಗಡು ಇರುತ್ತದೆ, ಇಂಗ್ಲಿಷಿನ ವಿ ಅಕ್ಷರದಂತೆ ಕತ್ತರಿಸಿದ್ದು. 90 ಡಿಗ್ರಿ ನಾಚಿನಲ್ಲಿ ನೀರು 10 ಸೆಂಟಿಮೀಟರ್ ಎತ್ತರಕ್ಕೆ ಹರಿದರೆ ಸೆಕೆಂಡಿಗೆ ಸುಮಾರು 4.4 ಲೀಟರ್. ಎತ್ತರ 20 ಸೆಂಟಿಮೀಟರ್ ಆದರೆ ಸೆಕೆಂಡಿಗೆ 24.7 ಲೀಟರ್, ಅಂದರೆ ಐದೂವರೆ ಪಟ್ಟಿಗಿಂತ ಹೆಚ್ಚು. ಸ್ಕೇಲಿನಲ್ಲಿ ನಾಲ್ಕು ಬೆರಳಷ್ಟು ಏರಿಕೆ ಕಂಡು ಸುಮ್ಮನಿರುವುದು ಅದಕ್ಕೇ ತಪ್ಪು. ಅಳತೆಯನ್ನು ಆ ದಿನದ ಜಲಾಶಯದ ಮಟ್ಟದ ಜೊತೆಗೇ ಬರೆಯಬೇಕು. ಮಟ್ಟ ಏರಿ ಸೋರಿಕೆಯೂ ಏರಿದರೆ ಸಹಜ. ಮಟ್ಟ ಹಾಗೇ ಇದ್ದು ಸೋರಿಕೆ ಏರಿದರೆ ಅವತ್ತೇ ಕಾರಣ ಹುಡುಕಬೇಕು. ಇದಕ್ಕಿಂತ ಮುಖ್ಯ ನೀರಿನ ಬಣ್ಣ. ತಿಳಿನೀರು ಎಷ್ಟಿದ್ದರೂ ಯೋಚಿಸಲು ಸಮಯ ಕೊಡುತ್ತದೆ. ಮಣ್ಣಿನ ಏರಿಯ ಬುಡದಿಂದ ರಾಡಿ ನೀರು ಬಂದರೆ ಏರಿಯ ಒಳಗಿನ ಮಣ್ಣೇ ಹೊರಗೆ ಬರುತ್ತಿದೆ ಎಂದರ್ಥ. ಒಳಗೆ ಕೊಳವೆ ಹುಟ್ಟಿಕೊಂಡಿದೆ, ಅದು ನೀರಿನ ಕಡೆಗೆ ಹಿಂದೆ ಹಿಂದೆ ಕೊರೆಯುತ್ತ ಹೋಗುತ್ತದೆ. ಆಗ ಸಿಗುವುದು ಗಂಟೆಗಳ ಲೆಕ್ಕದ ಸಮಯ.

ಅಂಥ ಹೊತ್ತಿನಲ್ಲಿ ರಾಡಿ ಬರುವ ಬಾಯನ್ನು ಮಣ್ಣು ಹಾಕಿ ಮುಚ್ಚಬಾರದು, ನೀರು ಇನ್ನೊಂದು ಕಡೆ ಒಡೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು, ಹೀಗೆ ಪದರಪದರವಾಗಿ ಹಾಕಿದರೆ ನೀರು ಹೋಗುತ್ತದೆ, ಮಣ್ಣು ನಿಲ್ಲುತ್ತದೆ. ಜೊತೆಗೇ ಜಲಾಶಯದ ಮಟ್ಟ ಇಳಿಸಲು ಶುರು ಮಾಡಬೇಕು, ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸಬೇಕು.

ಸಣ್ಣ ಕೆರೆಗಳ ಮಾತು ಇಲ್ಲಿ ಹೇಳಲೇಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಒಣಗಿದ ಏರಿಯ ಆಳವಾದ ಬಿರುಕಿನೊಳಗೆ ಮೊದಲ ದೊಡ್ಡ ಮಳೆಯ ನೀರು ನುಗ್ಗಿದರೆ ಏರಿ ಒಳಗಿನಿಂದಲೇ ಜಾರುತ್ತದೆ. ಏರಿಯ ಮೇಲೆ ಜಾಲಿ ಬೆಳೆದರೆ ಬೇರಿನ ಗುಂಟ ನೀರಿಗೆ ದಾರಿ. ಮರ ಕಡಿದು ಬೇರು ಅಲ್ಲೇ ಬಿಟ್ಟರೆ ಅದು ಕೊಳೆತು ಪೊಳ್ಳಾಗುತ್ತದೆ. ಹೆಗ್ಗಣದ ಬಿಲವೂ ಅದೇ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಅಪಾಯದ್ದು, ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ ಒಟ್ಟುವುದು. ಕೋಡಿಯನ್ನು ಎರಡಡಿ ಏರಿಸಿದಾಗ ಏರಿಯ ತಲೆಗೂ ನೀರಿಗೂ ನಡುವೆ ಬಿಟ್ಟಿದ್ದ ಅಂತರ ಎರಡಡಿ ಇಳಿದಂತೆ. ಕಲ್ಲಿನ ಗೋಡೆಯ ಮೇಲೆ ನೀರು ಹರಿದರೆ ಗೋಡೆ ತಡೆದೀತು, ಮಣ್ಣಿನ ಏರಿ ತಡೆಯುವುದಿಲ್ಲ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಕೆಳಗಿನ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಅದು ಹಳೆಯದೂ ಅಲ್ಲ, ದೊಡ್ಡದೂ ಅಲ್ಲ. ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು.

ಈಗ ಹೊಳೆಸಾಲಿನ ಲೆಕ್ಕ. ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಲಕ್ಷ ಘನ ಅಡಿ ನೀರು, 24 ಗಂಟೆ ಹರಿದರೆ 8.64 ಟಿಎಂಸಿ. ಇದೊಂದು ಅಂಕಿ ನೆನಪಿಟ್ಟರೆ ಬಹಳ ಅರ್ಥವಾಗುತ್ತದೆ. ಹಿಡಕಲ್‌ನಲ್ಲಿ 5 ಟಿಎಂಸಿ ಜಾಗ ಉಳಿದಿದೆ, ಒಳಹರಿವು ಲಕ್ಷ ಕ್ಯೂಸೆಕ್ ಇದೆ ಎಂದರೆ ಆ ಜಾಗ 14 ಗಂಟೆಯಲ್ಲಿ ಭರ್ತಿ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. ಆಗಸ್ಟ್ ಮೊದಲ ವಾರದಲ್ಲೇ ಪೂರ್ತಿ ತುಂಬಿಸಿಕೊಳ್ಳಿ ಎಂಬ ಒತ್ತಾಯ ರೈತರ ಕಡೆಯಿಂದ ಬರುತ್ತದೆ, ಅದು ತಪ್ಪಲ್ಲ. ಮುಂದೆ ಮಳೆ ಕೈಕೊಟ್ಟರೆ ಕಬ್ಬಿಗೆ ನೀರೆಲ್ಲಿಂದ? ಆದರೆ ಆ ಪೂರ್ತಿಯ ಬೆಲೆಯನ್ನು ಕೆಳಗಿನ ಊರು ಕಟ್ಟುತ್ತದೆ. ಯಾವ ತಾರೀಖಿಗೆ ಎಷ್ಟು ಮಟ್ಟ ಎಂಬ ವೇಳಾಪಟ್ಟಿ ಗುಟ್ಟಿನ ಕಾಗದವಾಗದೆ ಪಂಚಾಯಿತಿ ಗೋಡೆಯ ಮೇಲಿರಬೇಕು.

ಹಿಡಕಲ್ ಬಿಟ್ಟ ಅಂಕಿಯೊಂದನ್ನೇ ನೋಡಿ ಗೋಕಾಕದ ಮಟ್ಟ ಊಹಿಸಲೂ ಆಗದು. ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತದೆ, ಗೋಕಾಕದ ಬಳಿ ಮಾರ್ಕಂಡೇಯ. ಮೂರರ ಮೊತ್ತವೇ ಲೋಳಸೂರ ಸೇತುವೆಯ ಕೆಳಗೆ ಹರಿಯುವ ನೀರು. ಚಿಕ್ಕೋಡಿ, ಅಥಣಿ ಕಡೆ ಕೃಷ್ಣೆಯ ರಾಜಾಪುರ ಬ್ಯಾರೇಜಿನ ಅಂಕಿಗೆ ದೂಧಗಂಗೆಯದನ್ನು ಕೂಡಿಸಬೇಕು. ಮಲಪ್ರಭೆಯ ತೊಂದರೆಯೇ ಬೇರೆ. ಎಷ್ಟೋ ವರ್ಷ ಗೇಟಿನಿಂದ ನೀರು ಬಾರದೆ ಹೊಳೆ ಕಾಲುವೆಯಷ್ಟಾಯಿತು, ದಂಡೆಯವರೆಗೆ ಬೆಳೆ ಬಂತು, ಪಾತ್ರದಲ್ಲಿ ಜಾಲಿ ತುಂಬಿತು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ನೀರು ರಾಮದುರ್ಗಕ್ಕೂ ಪಟ್ಟದಕಲ್ಲಿಗೂ ನುಗ್ಗಿದಾಗ ಅಣೆಕಟ್ಟು ಒಡೆದಿರಲಿಲ್ಲ, ಗೇಟಿನಿಂದ ಬಿಟ್ಟ ನೀರಷ್ಟೇ ಹರಿದಿತ್ತು. ಬ್ಯಾರೇಜುಗಳ ಗೇಟಿನ ಹಲಗೆಗಳನ್ನು ಜೂನ್‌ನೊಳಗೆ ತೆಗೆಯದಿದ್ದರೆ ಕಸಕಡ್ಡಿ ಸಿಕ್ಕಿ ಅದೇ ಇನ್ನೊಂದು ಒಡ್ಡಾಗುತ್ತದೆ, ಹೊಳೆ ಪಕ್ಕದ ದಂಡೆ ಕೊರೆದುಕೊಂಡು ಹೋಗುತ್ತದೆ.

ಮೇಲಿನ ಕೃಷ್ಣೆಯಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ಇದೆ. 1967ರ ಡಿಸೆಂಬರಿನ ಭೂಕಂಪದಲ್ಲಿ ಅದರ ಗೋಡೆಯಲ್ಲಿ ಬಿರುಕು ಬಿಟ್ಟಿತು. ಆಮೇಲೆ ಕಾಂಕ್ರೀಟು ಸೇರಿಸಿ ಬಲಪಡಿಸಿದರು. ಹಾಗಾಗಿ ನಮ್ಮ ಜಿಲ್ಲೆಗಳ ಯೋಜನೆ ರಾಜ್ಯದ ಗಡಿಯಲ್ಲೇ ನಿಲ್ಲುವಂತಿಲ್ಲ.

ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಅದೇ ವರ್ಷ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳೂ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರಿನವೂ ಅದರೊಳಗೆ ಬರುತ್ತವೆ. ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ತಪಾಸಣೆ ಕಡ್ಡಾಯ. ಹಳೆಯ ಅಣೆಕಟ್ಟುಗಳಿಗೆ ತುರ್ತು ಕ್ರಿಯಾ ಯೋಜನೆ ಮಾಡಲು ಕೊಟ್ಟ ಗಡುವು ಐದು ವರ್ಷ, ಅಂದರೆ 2026ರ ಡಿಸೆಂಬರ್. ಆ ಯೋಜನೆಯಲ್ಲಿ ಮುಳುಗಡೆ ನಕ್ಷೆ ಇರುತ್ತದೆ. ನಿಮ್ಮ ಗ್ರಾಮಸಭೆಯಲ್ಲಿ ಅದನ್ನೇ ಕೇಳಿ. ಗೇಟುಗಳನ್ನು ಪೂರ್ತಿ ತೆರೆದರೆ ನಮ್ಮೂರಿನ ಯಾವ ಓಣಿಯವರೆಗೆ ನೀರು? ಅಣೆಕಟ್ಟೇ ಒಡೆದರೆ ಎಲ್ಲಿಯವರೆಗೆ, ಎಷ್ಟು ಗಂಟೆಯಲ್ಲಿ? ಯಾವ ಸೇತುವೆ ಮೊದಲು ಮುಳುಗುತ್ತದೆ, ಆಮೇಲೆ ಯಾವ ರಸ್ತೆ ಉಳಿಯುತ್ತದೆ? ಕರೆಂಟು, ಮೊಬೈಲ್ ಟವರ್ ಎರಡೂ ಇಲ್ಲದ ರಾತ್ರಿ ಡಂಗುರ ಹೊಡೆಯುವವರು ಯಾರು? ದನಕರುಗಳಿಗೆ ಮೇವು ಸಮೇತ ಜಾಗ ಎಲ್ಲಿ? ದನ ಬಿಟ್ಟು ಬರಲು ಒಪ್ಪದೆ ಜನ ಕೊನೆಯ ಗಳಿಗೆಯವರೆಗೆ ಮನೆಯಲ್ಲೇ ಉಳಿಯುತ್ತಾರೆ, ಹಾಗಾಗಿ ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ನಕ್ಷೆಯಿಂದ ಊರು ಖಾಲಿಯಾಗದು.

ಏರಿಯ ಮೇಲೆ ಅಡ್ಡಾಡುವಾಗ ಹೊಸ ಬಿರುಕು, ತಗ್ಗು, ಬುಡದಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಹುಲ್ಲು, ರಾಡಿ ನೀರಿನ ಬುಗ್ಗೆ ಕಂಡರೆ ಪಕ್ಕದಲ್ಲೊಂದು ಕೋಲಿಟ್ಟು ಫೋಟೊ ತೆಗೆಯಿರಿ, ಅಳತೆ ಗೊತ್ತಾಗಲಿ. ಹತ್ತಿರದ ದೂರಗಲ್ಲಿನ ಅಂಕಿ, ತಾರೀಖು, ಹೊತ್ತು, ನೀರಿನ ಬಣ್ಣ ಬರೆದು ನೀರಾವರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ರಾಡಿ ನೀರಾದರೆ ಅರ್ಜಿ ಬರೆಯುತ್ತ ಕೂರಬೇಡಿ, ಮೊದಲು ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ.